ಒಳಬಿಳಿಯ ಹುಟ್ಟುಚೀಟಿ

ನನ್ನ ಚೀಟಿ ಸುಳ್ಳು ಹೇಳುವುದಿಲ್ಲ ಎಂದು ಹದಿನೆಂಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಅದು ಸುಳ್ಳು ಹೇಳಿದೆ ಎಂದು ಗೊತ್ತಾದ ಮೇಲೆ ಊರೆಲ್ಲ ತಿರುಗಿ ಅದನ್ನೂ ಹೇಳಬೇಕಾದವಳು ನಾನೇ ತಾನೆ? ಹೇಳಿದೆ. ಹೇಗೆ ಹೇಳಿದೆ, ಯಾರು ಏನಂದರು, ನಮ್ಮ ಬಾವಿಗೆ ಏನಾಯಿತು ಎಂಬುದಕ್ಕೆಲ್ಲ ಜನ ಉಪ್ಪುಖಾರ ಹಚ್ಚಿ ಮಾತಾಡುತ್ತಿದ್ದಾರೆ. ಅದಕ್ಕೇ ನನ್ನ ಬಾಯಿಂದ ಒಮ್ಮೆ ಕೇಳಿಬಿಡಿ.

ನಮ್ಮ ಊರಿನ ನೀರು ಕಹಿ. ಬಿಳಿ ಹಾವು ಇರುವ ಬಾವಿಯಲ್ಲಿ ಮಾತ್ರ ಸಿಹಿ. ಹಾವು ಎಂದರೆ ಹೆದರಬೇಡಿ, ಹೆಬ್ಬೆರಳಿನಷ್ಟು ದಪ್ಪದ ಬಾವಿಹಾವು. ಕಪ್ಪೆಗಿಂತ ದೊಡ್ಡದನ್ನು ಅದು ಕಚ್ಚಿದ್ದು ಯಾರೂ ನೋಡಿಲ್ಲ. ಸಾಮಾನ್ಯವಾಗಿ ಎಲ್ಲ ಕಂದು ಬಣ್ಣದವೇ. ಆದರೆ ಕೆಲವು ಕಂದು ಹಾವುಗಳ ಒಳಗೆ ಬಿಳುಪು ಅಡಗಿರುತ್ತದೆ. ಅಂಥವನ್ನು ನಾವು ಒಳಬಿಳಿ ಅನ್ನುತ್ತೇವೆ. ಎರಡು ಒಳಬಿಳಿ ಕೂಡಿದರೆ ನಾಲ್ಕು ಮರಿಗೊಂದರಂತೆ ಬಿಳಿ ಹುಟ್ಟುತ್ತದೆ. ಹುಟ್ಟಿದ ಬಿಳಿಯನ್ನು ಬೇರೆ ಕಡೆಯಿಂದ ತಂದು ಬಾವಿಗೆ ಬಿಟ್ಟರೆ ಪ್ರಯೋಜನವಿಲ್ಲ. ತಾಯಿ ಯಾವ ಬಾವಿಯ ನೀರು ಕುಡಿದು ಬಸಿರಾದಳೋ ಆ ಬಾವಿಯೊಂದನ್ನೇ ಮರಿ ಸಿಹಿ ಮಾಡುತ್ತದೆ. ಬಾವಿ ಬಿಟ್ಟು ಒಮ್ಮೆ ಹೊರಗೆ ಹೋದ ಬಿಳಿ ಹಾವು ಮರಳಿ ಬಂದರೂ ನೀರು ತಿರುಗುವುದಿಲ್ಲ. ಹಾಗಾಗಿ ಸಿಹಿನೀರು ಬೇಕೆಂದವರು ಒಳಬಿಳಿಯ ಜೋಡಿಯನ್ನು ಕೊಂಡು, ತಮ್ಮ ಬೀದಿಯಲ್ಲೇ ಸಾಕಿ, ಮೊಟ್ಟೆಗೆ ಕಾಯಬೇಕು. ಮೂರು ವರ್ಷವಾದರೂ ಬೇಕು.

ಕಷ್ಟ ಇರುವುದು ಕೊಳ್ಳುವಾಗ. ಒಳಬಿಳಿಗೂ ಬರೀ ಕಂದಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಕೂದಲೆಳೆಯಷ್ಟೂ ಇಲ್ಲ. ಎತ್ತಿ ನೋಡಿ, ತೂಗಿ ನೋಡಿ, ಬಿಸಿಲಿಗೆ ಹಿಡಿದು ನೋಡಿ, ಏನೂ ಕಾಣದು. ಮಾರುವವರ ಮಾತನ್ನು ನಂಬಬೇಕು, ಇಲ್ಲವೇ ಬಿಡಬೇಕು. ಆ ಮಾತಿಗೆ ಒಂದು ಆಧಾರ ಇರಲಿ ಎಂದೇ ಹುಟ್ಟುಚೀಟಿ ಬಂದದ್ದು. ಚೀಟಿಯ ಮೇಲೆ ತಂದೆ ಹಾವಿನ ಪೊರೆಯ ತುಂಡು ಒಂದು ಕಡೆ, ತಾಯಿಯದು ಇನ್ನೊಂದು ಕಡೆ ಅಂಟಿಸಿರುತ್ತದೆ. ನಡುವೆ ಮರಿಯ ಮೊದಲ ಪೊರೆ. ಯಾವ ದಿನ ಕೂಡಿಸಿದ್ದು, ಯಾವ ದಿನ ಮೊಟ್ಟೆ, ಯಾವ ದಿನ ಮರಿ, ಮರಿಗೆ ಏನು ಗುರುತು, ಎಲ್ಲ ಬರೆದು ಕೆಳಗೆ ಸಾಕಿದವರು ರುಜು ಹಾಕಬೇಕು. ನನ್ನಂತೆ ಹಾವು ಮಾರುವ ಪೇಟೆಯ ಅಂಗಡಿಯವನು ಮೂರು ಬಣ್ಣದ ಮೊಹರು ಒತ್ತುತ್ತಾನೆ. ನನ್ನದರಲ್ಲಿ ಮೊಹರಿಲ್ಲ. ಕೊನೆಯ ಸಾಲಿನಲ್ಲಿ 'ಖಾತ್ರಿ' ಎಂದು ಒಂದು ಮಾತು ಬರೆಯುತ್ತಿದ್ದೆ, ಅಷ್ಟೇ. ಕೆಂಚಮ್ಮ ಖಾತ್ರಿ ಅಂದಳು ಎಂದರೆ ಜನ ಹಾವಿನ ಬುಟ್ಟಿಯ ಮುಚ್ಚಳ ಕೂಡ ತೆರೆಯದೆ ಕೊಂಡು ಹೋಗುತ್ತಿದ್ದರು. ನನಗೆ ಕೊಂಬು ಬಂದಿತ್ತು, ಒಪ್ಪಿಕೊಳ್ಳುತ್ತೇನೆ.

ಖಾತ್ರಿ ಬರೆಯಲು ನನಗೆ ಕಾರಣವೂ ಇತ್ತು. ನಮ್ಮ ಹಿತ್ತಲ ಬಾವಿಯ ಬಿಳಿ ಗಂಡು ಹಾವು, ಅದನ್ನು ಬಿಳಿಯ ಎಂದೇ ಕರೆಯುತ್ತಿದ್ದೆವು. ಅಪ್ಪ ಬಿಳಿಯಾದರೆ ಮರಿಗಳೆಲ್ಲ, ಒಂದೂ ಬಿಡದೆ, ಒಳಬಿಳಿಯೇ. ಅನುಮಾನಕ್ಕೆ ಜಾಗವೇ ಇಲ್ಲ. ನನ್ನ ಹೆಣ್ಣು ಹಾವುಗಳನ್ನು ಬುಟ್ಟಿಯಲ್ಲಿಟ್ಟು ಬಾವಿಗೆ ಇಳಿಸುತ್ತಿದ್ದೆ, ಹದಿನೈದು ದಿನ ಬಿಟ್ಟು ಎತ್ತುತ್ತಿದ್ದೆ. ಅದೇ ಬಾವಿಯ ನೀರಿನಿಂದ ನಮ್ಮ ಯಜಮಾನರು ಗಿರಿಯಪ್ಪನವರು ಮನೆ ಮುಂದೆ ಚಹಾ ಅಂಗಡಿ ನಡೆಸುತ್ತಿದ್ದರು. ಊರಿನ ಆ ತುದಿಯಿಂದ ಬಂದು ಕುಡಿದು ಹೋಗುವವರಿದ್ದರು.

ಹೋದ ಪುಷ್ಯ ಮಾಸದಲ್ಲಿ ಒಂದು ಬೆಳಗ್ಗೆ ತುಳಜಾಬಾಯಿ ಬಂದಳು. ಬಣ್ಣಗಾರರ ಬೀದಿಯವಳು, ನೂಲಿಗೆ ಬಣ್ಣ ಕಟ್ಟುವ ಕೆಲಸ, ಮೊಣಕೈವರೆಗೆ ನೀಲಿ ಹಿಡಿದ ಕೈ. ಆ ಬೀದಿಯ ಬಿಳಿ ಹಾವು ಮುಪ್ಪಾಗಿ ಸತ್ತು ನಾಲ್ಕು ವರ್ಷವಾಗಿತ್ತು. ಸತ್ತ ವಾರದಲ್ಲೇ ಬಂದು ನನ್ನಿಂದ ಒಂದು ಜೋಡಿ ಮರಿ ಒಯ್ದಿದ್ದಳು, ಎರಡಕ್ಕೂ ಖಾತ್ರಿ ಚೀಟಿ. ಕಹಿನೀರಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಕೆಂಪು ಅದ್ದಿದರೆ ಇಟ್ಟಿಗೆಪುಡಿಯಂತಾಗುತ್ತದೆ, ಒಂದು ಒಗೆತಕ್ಕೆ ಅದೂ ಹೋಗುತ್ತದೆ. ಕುಡಿಯುವುದಕ್ಕೆ ಬೇರೆ ಬೀದಿಯಿಂದ ಹೊತ್ತು ತರಬಹುದು, ತೊಟ್ಟಿ ತುಂಬಿಸಲು ಎಲ್ಲಿಂದ ತರುತ್ತಾರೆ? ಹನ್ನೊಂದು ಮನೆಯವರು ನಾಲ್ಕು ವರ್ಷದಿಂದ ಹೇಗೋ ನಿಲ್ಲುವ ನೀಲಿಯೊಂದನ್ನೇ ಕಟ್ಟಿಕೊಂಡು, ನನ್ನ ಚೀಟಿಯನ್ನು ನಂಬಿಕೊಂಡು ಕುಳಿತಿದ್ದರು.

ಅವಳು ಜಗಲಿಯ ಮೇಲೆ ಕುಳಿತು, ಎರಡು ಸಲ ಮೊಟ್ಟೆ ಒಡೆದದ್ದನ್ನು ಹೇಳಿದಳು. ಮೊದಲ ಸಲ ಹತ್ತೊಂಬತ್ತು ಮರಿ, ಎರಡನೇ ಸಲ ಇಪ್ಪತ್ತೆರಡು. ಒಂದೂ ಬಿಳಿಯಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು. ಹಾವು ಅದಲುಬದಲಾಗಿರಬೇಕು, ಮುಚ್ಚಳ ಸರಿಯಾಗಿ ಹಾಕದೆ ಯಾವುದೋ ಬೀದಿಹಾವು ಒಳಗೆ ನುಗ್ಗಿರಬೇಕು, ಬಣ್ಣದ ಹೊಗೆಯಲ್ಲಿ ನಿಮಗೆ ಕಣ್ಣು ಕಾಣುತ್ತದೋ ಇಲ್ಲವೋ ಎಂದೆಲ್ಲ ಬಾಯಿಗೆ ಬಂದದ್ದು ಅಂದೆ. ನನ್ನ ಚೀಟಿಯನ್ನು ಪ್ರಶ್ನೆ ಮಾಡಲು ಬಂದವಳು ಇವಳೇ ಮೊದಲು ಎಂದೂ ಅಂದೆ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಸುರುಳಿ ತೆಗೆದಳು.

"ಕೆಂಚಕ್ಕ, ನಾನು ಜಗಳಕ್ಕೆ ಬಂದಿಲ್ಲ," ಅಂದಳು. "ನಿಮ್ಮ ಚೀಟಿ ಇದೆ. ನಂದೂ ಇದೆ. ಎರಡನ್ನೂ ಒಂದ್ಸಲ ಪಕ್ಕಪಕ್ಕ ಇಟ್ಟು ನೋಡಿ."

ಅವಳು ನಾಲ್ಕು ವರ್ಷದಲ್ಲಿ ಆ ಎರಡು ಹಾವು ಬಿಟ್ಟ ಪ್ರತಿಯೊಂದು ಪೊರೆಯನ್ನೂ ಎತ್ತಿಟ್ಟಿದ್ದಳು. ತಲೆಯ ಕೆಳಗಿನ ಭಾಗವನ್ನು ಕತ್ತರಿಸಿ, ಒಣಗಿಸಿ, ಕಾಗದಕ್ಕೆ ಅಂಟಿಸಿ, ಪಕ್ಕದಲ್ಲಿ ದಿನ ಬರೆದಿದ್ದಳು. ಗಂಡು ಮರಿಯ ಗುರುತಾಗಿ ನಾನೇ ಬರೆದಿದ್ದೆ: ಗಂಟಲಿಂದ ಮೂರನೇ ಹೊಟ್ಟೆಹುರುಪೆ ಸೀಳಿದೆ. ಹದಿನಾಲ್ಕು ಪೊರೆ ಎಣಿಸಿದೆ. ಹದಿನಾಲ್ಕರಲ್ಲೂ ಮೂರನೇ ಹುರುಪೆ ಸೀಳಿತ್ತು, ಅದೇ ಓರೆಯಲ್ಲಿ. ಹೆಣ್ಣಿನದೂ ಹಾಗೆಯೇ ತಾಳೆಯಾಯಿತು. ಹಾವಿಟ್ಟ ಗುಡಾಣಗಳ ಬಾಯಿಗೆ ಬಿಗಿಯಾದ ಜಾಲರಿ ಕಟ್ಟಿದ್ದನ್ನೂ, ಯಾವ ದಿನ ಯಾರು ನೋಡಿಕೊಂಡರು ಎಂಬುದನ್ನೂ ಬರೆದಿದ್ದಳು. ಕೊಂಡವಳ ಕಾಗದ ಮಾರಿದವಳ ಕಾಗದಕ್ಕಿಂತ ಚೆನ್ನಾಗಿತ್ತು.

ಬೀದಿಯ ಹಿರಿಯರು ತೀರ್ಮಾನ ಮಾಡಿಬಿಟ್ಟಿದ್ದಾರೆ ಎಂದು ಅವಳು ಹೇಳಿದ್ದು ಆಮೇಲೆ. ಆಷಾಢ ಮುಗಿಯುವುದರೊಳಗೆ ಬಾವಿ ಸಿಹಿಯಾಗದಿದ್ದರೆ ತೊಟ್ಟಿಗಳನ್ನು ಒಡೆದು, ಹನ್ನೊಂದು ಮನೆಯೂ ಹೊಳೆಯ ಕಡೆ ಹೊರಟುಹೋಗುವುದು. ಅಲ್ಲಿ ನೀರಿದೆ, ಆದರೆ ಬಣ್ಣದ ನೀರು ಬಿಡಲು ಕೊಡುವುದಿಲ್ಲ. ಗಂಡಸರು ಮರಳು ತೆಗೆಯಬೇಕು, ಹೆಂಗಸರು ಸಿಕ್ಕ ಕೆಲಸ ಮಾಡಬೇಕು. "ನನ್ನ ಅಜ್ಜಿ ಕೈಯಿಂದ ಬಂದ ಕೆಂಪು ಅಕ್ಕ ಅದು," ಅಂದಳು. "ನನ್ನ ಕೈಲೇ ಮುಗೀಬಾರ್ದು." ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಲ್ಕು ದಿನ ಕೊಡು ಎಂದು ಕೇಳಿ ಕಳಿಸಿದೆ.

ಆ ನಾಲ್ಕು ದಿನ ನನ್ನ ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಳಿತೆ. ತುಳಜಾಬಾಯಿ ಒಯ್ದ ಹೆಣ್ಣು ಮರಿಯ ತಾಯಿ ದೊಡ್ಡಿ ಎಂಬ ಹಾವು. ಅದರ ಚೊಚ್ಚಲ ಮೊಟ್ಟೆ ಅವು, ಬಿಳಿಯನನ್ನು ಬಿಟ್ಟು ಬೇರೆ ಗಂಡಿನ ಮುಖವನ್ನೇ ದೊಡ್ಡಿ ಕಂಡಿರಲಿಲ್ಲ. ಗಂಡು ಮರಿಯ ತಾಯಿ ಮೂಗುತಿ. ಮೂಗಿನ ಮೇಲೆ ಚುಕ್ಕೆ ಇದ್ದುದಕ್ಕೆ ಆ ಹೆಸರು. ಮೂಗುತಿಯನ್ನೂ ಆ ವರ್ಷ ಬಿಳಿಯನ ಜೊತೆಗೇ ಬಿಟ್ಟಿದ್ದೆ, ದಿನವೂ ಸರಿ ಇತ್ತು. ಹಿಂದಿನ ಪುಟ ತಿರುಗಿಸಿದೆ. ಅದರ ಹಿಂದಿನ ವರ್ಷ ಮೂಗುತಿಗೆ ವಿಶ್ರಾಂತಿ, ಯಾವ ಗಂಡಿನ ಜೊತೆಗೂ ಬಿಟ್ಟಿಲ್ಲ ಎಂದಿತ್ತು. ಅದಕ್ಕೂ ಹಿಂದಿನ ವರ್ಷ ಕರಿಯ ಎಂಬ ಬರೀ ಕಂದು ಗಂಡಿನ ಜೊತೆ ಕೂಡಿಸಿದ್ದೆ.

ವಿಶ್ರಾಂತಿಯ ವರ್ಷದ ಪುಟದ ಕೆಳಗೆ ನನ್ನದೇ ಕೈಬರಹದಲ್ಲಿ ಒಂದು ಸಾಲಿತ್ತು. 'ಮೂಗುತಿ ಏಳು ಮೊಟ್ಟೆ ಇಟ್ಟಿತು. ಪೊಳ್ಳೆಂದು ಗೊಬ್ಬರದ ಗುಂಡಿಗೆ ಹಾಕಿದೆ. ಎರಡು ಮರಿ ಒಡೆದವು. ಯಾವುದೋ ಗಂಡು ಒಳಗೆ ಬಂದಿರಬೇಕು. ಹಾವಿನ ಕೋಣೆಯ ಗೋಡೆಯ ಬಿರುಕಿಗೆ ಸುಣ್ಣ ಮೆತ್ತಿಸಿದೆ.'

ಆ ಬಿರುಕು ನನಗೆ ಚೆನ್ನಾಗಿ ನೆನಪಿದೆ. ಎದ್ದು ಹೋಗಿ ಸುಣ್ಣದ ಗುರುತಿನ ಮೇಲೆ ಕೈಯಿಟ್ಟೆ. ಕಡ್ಡಿ ತೂರದ ಬಿರುಕು ಅದು. ಅದರಲ್ಲಿ ಹಾವಿರಲಿ, ಇರುವೆಯ ಸಾಲು ಕೂಡ ಸಲೀಸಾಗಿ ಬರಲಾರದು. ಯಾವ ಗಂಡೂ ಬಂದಿರಲಿಲ್ಲ. ಮೂಗುತಿ ಕರಿಯನ ಬೀಜವನ್ನು ವರ್ಷವಿಡೀ ಒಳಗೆ ಕಾಪಾಡಿಕೊಂಡಿತ್ತು. ಮುಂದಿನ ವರ್ಷ ಬಿಳಿಯನನ್ನು ಕೂಡಿದಾಗಲೂ ಅದು ಇನ್ನೂ ಇತ್ತೋ ಏನೋ. ಆ ಸಲದ ಮರಿಗಳಲ್ಲಿ ಕೆಲವು ಬಿಳಿಯನವು, ಕೆಲವು ಕರಿಯನವು. ಯಾವುದು ಯಾರದೆಂದು ದೇವರಿಗೇ ಗೊತ್ತು. ನಾನು ಮಾತ್ರ ಎಲ್ಲಕ್ಕೂ ಖಾತ್ರಿ ಎಂದು ಬರೆದು ಕೊಟ್ಟಿದ್ದೆ. ಕಣ್ಣೆದುರೇ ಎರಡು ಮರಿ ಒಡೆದು ಬಂದು ಸತ್ಯ ಹೇಳಿದರೆ, ನಾನು ಗೋಡೆಗೆ ಸುಣ್ಣ ಮೆತ್ತಿಸಿದ್ದೆ.

ಯಜಮಾನರು ಎಲ್ಲ ಕೇಳಿ, ಚಹಾದ ಬಟ್ಟೆ ಹಿಂಡುತ್ತ, ಸುಮ್ಮನಿರು ಅಂದರು. ಅವರದು ಕೆಟ್ಟ ಮನಸ್ಸಲ್ಲ. ಬಿಳಿ ಹುಟ್ಟದಿರುವುದು ಅವರ ಹಣೆಬರಹ ಎಂದು ಬಿಡಬಹುದು, ಬೇರೊಂದು ಗಂಡು ಮರಿ ಕೊಟ್ಟು ಕಳಿಸಬಹುದು, ಇಷ್ಟು ವರ್ಷದ ಹೆಸರು ಒಂದು ದಿನದಲ್ಲಿ ಮಣ್ಣುಪಾಲು ಮಾಡಿಕೊಳ್ಳುವುದು ಯಾಕೆ ಎಂಬುದು ಅವರ ವಾದ. ಹೊಸ ಮರಿ ಬೆಳೆದು ಮೊಟ್ಟೆಯಾಗಲು ಮೂರು ವರ್ಷ ಬೇಕು, ಅಷ್ಟರಲ್ಲಿ ಬಣ್ಣಗಾರರ ಬೀದಿಯೇ ಇರುವುದಿಲ್ಲ ಎಂದೆ.

ಮೂಗುತಿಯ ಆ ಸಲದ ಮರಿಗಳು ಒಂಬತ್ತು, ಹೋದ ಮನೆಗಳು ಆರು. ಬಣ್ಣಗಾರರ ಬೀದಿ ಬಿಟ್ಟರೆ ಐದು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಐದಕ್ಕೂ ಹೋದೆ. ಮರಿ ಯಾರದೆಂದು ನನಗೆ ಗೊತ್ತಿಲ್ಲ, ಚೀಟಿ ತನ್ನಿ, ತಿದ್ದಿ ಕೊಡುತ್ತೇನೆ ಅಂದೆ. ಖಾತ್ರಿ ಎಂಬುದನ್ನು ಹೊಡೆದು 'ಗೊತ್ತಿಲ್ಲ' ಎಂದು ಬರೆದು ಪಕ್ಕದಲ್ಲಿ ಮತ್ತೆ ರುಜು ಹಾಕಿದೆ. ಗಾಣದವರ ಮನೆಯಲ್ಲಿ ಚೀಟಿಯನ್ನು ಕೊಡದೆ ಬಾಗಿಲು ಹಾಕಿಕೊಂಡರು. ತಿದ್ದಿದರೆ ತಮ್ಮ ಹಾವಿನ ಬೆಲೆ ಹೋಗುತ್ತದೆ ಎಂದು ಅವರ ಭಯ. ಒಂದು ಮನೆಯ ಮುದುಕಿ, ನಿನಗೆ ವಯಸ್ಸಾಯಿತು ಕಣೇ, ಹೋಗಿ ಮಲಗು ಅಂದಳು. ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂಗಾಡಿದರು, ಕೂಗಾಡುವ ಹಕ್ಕು ಅವರಿಗಿತ್ತು, ನಿಂತು ಕೇಳಿಸಿಕೊಂಡೆ. ಮಿಕ್ಕವರು ಮಾತಿಲ್ಲದೆ ಚೀಟಿ ಮುಂದೆ ಚಾಚಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ವಾರ ಕಳೆಯುವುದರೊಳಗೆ ಪೇಟೆಯ ಅಂಗಡಿಯವನು ಹಲಗೆ ತೂಗಿಹಾಕಿದ: 'ನಮ್ಮಲ್ಲಿ ಗೊತ್ತಿಲ್ಲ ಎಂಬ ಮಾತೇ ಇಲ್ಲ.' ನನ್ನನ್ನು ಕಂಡರೆ ನಗುತ್ತಿದ್ದ. ನಗಲಿ ಬಿಡಿ, ಅವನ ಹಲ್ಲು, ಅವನ ಬಾಯಿ.

ಮುಖ್ಯವಾದದ್ದು ಆರನೆಯ ಮನೆ. ತುಳಜಾಬಾಯಿಯ ಹೆಣ್ಣು ಹಾವು ದೊಡ್ಡಿಯ ಮಗಳು, ಒಳಬಿಳಿಯೇ ಆಗಿರಬೇಕು. ಅದಕ್ಕೆ ನಿಜವಾದ ಜೋಡಿ ಸಿಕ್ಕರೆ ಈ ವರ್ಷವೇ ಬಿಳಿ ಹುಟ್ಟಬಹುದು. ಆದರೆ ನನ್ನ ಮನೆಯ ಕಂದು ಗಂಡುಗಳಲ್ಲಿ ಯಾವುದು ಒಳಬಿಳಿ, ಯಾವುದು ಅಲ್ಲ ಎಂದು ಹೇಳಲು ಈಗ ನನಗೇ ಧೈರ್ಯವಿರಲಿಲ್ಲ. ಊರಿನಲ್ಲಿ ಕಣ್ಣಿಗೆ ಕಾಣುವಂತೆ, ಚೀಟಿಯ ಹಂಗಿಲ್ಲದೆ ಬಿಳಿಯಾಗಿದ್ದ ಗಂಡು ನನ್ನ ಕೈಗೆ ಎಟುಕುವುದು ಒಂದೇ. ಅದು ನಮ್ಮ ಬಾವಿಯಲ್ಲಿತ್ತು. ಹೆಣ್ಣನ್ನು ಇಲ್ಲಿಗೆ ತರುವಂತಿಲ್ಲ, ಅದು ಅವರ ಬಾವಿಯ ನೀರು ಕುಡಿದೇ ಬಸಿರಾಗಬೇಕು. ಹೋಗಬೇಕಾದದ್ದು ನಮ್ಮ ಬಿಳಿಯ.

ಯಜಮಾನರಿಗೆ ಹೇಳಿದೆ. ಅವರು ಒಲೆಗೆ ಸೌದೆ ತಳ್ಳಿದರು. ಆಮೇಲೆ, "ಕೆಂಚಿ, ಅದು ನಮ್ಮ ಮಗಳು ಹುಟ್ಟಿದ ವರ್ಷ ಹುಟ್ಟಿದ್ದು ಕಣೇ," ಅಂದರು. "ಹೋಗ್ಬಿಟ್ರೆ ನೀರು ಹೋಯ್ತು. ಆ ಹೆಣ್ಣು ಒಳಬಿಳಿ ಅಲ್ದೇ ಹೋದ್ರೆ? ಅವರಿಗೂ ಇಲ್ಲ, ನಮಗೂ ಇಲ್ಲ. ಗ್ಯಾರಂಟಿ ಏನು?"

"ಏನೂ ಇಲ್ಲ," ಅಂದೆ. "ನನ್ನ ಹತ್ರ ಇನ್ಮೇಲೆ ಗ್ಯಾರಂಟಿ ಇಲ್ಲ. ಆದ್ರೂ ಹೋಗ್ತೀನಿ."

ಮಾಘ ಶುದ್ಧದಲ್ಲಿ ಒಂದು ದಿನ ಮಧ್ಯಾಹ್ನ ಬುಟ್ಟಿಯಲ್ಲಿ ಒಂದು ಕಪ್ಪೆ ಕಟ್ಟಿ ಬಾವಿಗೆ ಇಳಿಸಿದೆ. ಬಿಳಿಯ ಏನೂ ತಕರಾರಿಲ್ಲದೆ ಹತ್ತಿ ಸುತ್ತಿಕೊಂಡಿತು; ಇಪ್ಪತ್ತೊಂದು ವರ್ಷದ ನಂಬಿಕೆ. ಹಗ್ಗ ಎಳೆಯತೊಡಗಿದೆ. ನನ್ನ ಹಿಂದೆ ಬಂದು ಹಗ್ಗಕ್ಕೆ ಕೈ ಹಾಕಿದವರು ಯಜಮಾನರು. ಬೈಯುತ್ತಲೇ ಎಳೆದರು.

ಬಣ್ಣಗಾರರ ಬೀದಿಯಲ್ಲಿ ತುಳಜಾಬಾಯಿ ಗಂಡು ಹಾವನ್ನು ಬೇರೆ ಮಾಡಿ ಗುಡಾಣ ತೊಳೆದಿಟ್ಟಿದ್ದಳು. ಬಿಳಿಯನನ್ನು ಕಂಡು ಹನ್ನೊಂದು ಮನೆಯವರೂ ಹೊರಗೆ ಬಂದು ನಿಂತರು. ನಾನು ಒಂದು ವಿಷಯವನ್ನು ಎಲ್ಲರ ಮುಂದೆ ಬಿಡಿಸಿ ಹೇಳಿದೆ: ಈ ಹೆಣ್ಣಿನ ಒಳಗೆ ಹಳೆಯ ಗಂಡಿನ ಬೀಜ ಇನ್ನೂ ಇರಬಹುದು. ಹಾಗಿದ್ದರೆ ಬಿಳಿ ಕಡಿಮೆ ಹುಟ್ಟುತ್ತವೆ, ಒಂದೂ ಹುಟ್ಟದೆಯೂ ಇರಬಹುದು. ಬಿಳಿ ಹುಟ್ಟಿದರೆ ಮಾತ್ರ ಅದು ಬಿಳಿಯನದೇ, ಸಂಶಯವಿಲ್ಲ. ಇದನ್ನೇ ಆ ಹೆಣ್ಣಿನ ಹುಟ್ಟುಚೀಟಿಯ ಕೆಳಗೆ ಬರೆದುಕೊಟ್ಟೆ. ತುಳಜಾಬಾಯಿ ಓದಿ, ತಾನೂ ಕೆಳಗೆ ರುಜು ಹಾಕಿದಳು. ಕೊಂಡವಳ ರುಜು ಹುಟ್ಟುಚೀಟಿಯ ಮೇಲೆ ಬಿದ್ದದ್ದು ಊರಿನಲ್ಲಿ ಅದೇ ಮೊದಲು.

ಮೂರನೇ ದಿನಕ್ಕೆ ನಮ್ಮ ಬಾವಿ ಕಹಿಯಾಯಿತು. ಬೆಳಗ್ಗೆ ಮೊದಲ ಲೋಟ ಕುಡಿದ ಗಿರಾಕಿ ಕಾರಿ ಉಗಿದ. ಹದಿನೈದು ದಿನದ ಮೇಲೆ ಬಿಳಿಯನನ್ನು ಮನೆಗೆ ತಂದು ಗುಡಾಣದಲ್ಲಿಟ್ಟೆ. ನಿಯಮವೇನೋ ಗೊತ್ತಿತ್ತು, ಆದರೂ ಆಸೆಗೆ ಒಂದು ದಿನ ಬಾವಿಗೆ ಇಳಿಸಿ ನೋಡಿದೆ. ನೀರು ಹಾಗೇ ಇತ್ತು. ಚೈತ್ರದ ಹೊತ್ತಿಗೆ ಅಂಗಡಿಯ ಮುಂದಿನ ಬೆಂಚು ಖಾಲಿ. ನಮ್ಮ ಮನೆಗೆ ಇನ್ನೊಂದು ಬಿಳಿ ಹುಟ್ಟಬೇಕಾದರೆ ನಾನು ಮೊದಲಿನಿಂದ ಶುರು ಮಾಡಬೇಕಿತ್ತು. ಶುರು ಮಾಡಿದೆ. ಒಂದೊಂದು ಹೆಣ್ಣನ್ನೂ ಎರಡು ವರ್ಷ ಒಂಟಿಯಾಗಿಟ್ಟು, ಆಮೇಲೆ ಕೂಡಿಸುವುದು ಎಂದು ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆದೆ.

ತುಳಜಾಬಾಯಿಯ ಹಾವು ಹನ್ನೊಂದು ಮೊಟ್ಟೆ ಇಟ್ಟಿತು. ಮನೆಗೊಂದು ಎಂದು ಆ ಬೀದಿಯವರು ಅದಕ್ಕೂ ಅರ್ಥ ಹಚ್ಚಿದರು, ನಾನು ಹಚ್ಚಬೇಡಿ ಅಂದೆ. ಆಷಾಢದ ಎರಡನೇ ವಾರ ಹೇಳಿಕಳಿಸಿದಳು, ಮೊಟ್ಟೆ ಬಿರಿಯುತ್ತಿವೆ ಎಂದು. ಹೋಗುವಾಗ ದಾರಿಯಲ್ಲಿ ಎರಡು ಮನೆಯವರು ಆಗಲೇ ಗಾಡಿಗೆ ಹಂಡೆ ಏರಿಸುತ್ತಿದ್ದುದನ್ನು ಕಂಡೆ.

ಮೊದಲನೆಯದು ಕಂದು. ಎರಡನೆಯದು ಕಂದು. ನಾನು ಒಂದೊಂದನ್ನೂ ಬರೆದುಕೊಳ್ಳುತ್ತಿದ್ದೆ. ಐದಾಯಿತು, ಆರಾಯಿತು. ಏಳನೆಯದು ಪೊಳ್ಳು. ತುಳಜಾಬಾಯಿ ನನ್ನ ಮುಖ ನೋಡಲಿಲ್ಲ, ನಾನು ಅವಳ ಮುಖ ನೋಡಲಿಲ್ಲ. ಎಂಟನೆಯದೂ ಕಂದು. ಹಿಂದೆ ನಿಂತಿದ್ದವರಲ್ಲಿ ಯಾರೋ ನಿಟ್ಟುಸಿರಿಟ್ಟು ಹೊರಟುಹೋದರು, ಮತ್ತೆ ಗಾಡಿಯ ಸದ್ದು ಕೇಳಿಸಿತು. ಒಂಬತ್ತನೇ ಮೊಟ್ಟೆಯ ಸೀಳಿನಲ್ಲಿ ಮೂತಿ ಕಾಣಿಸಿತು. ನೀಲಿ ಹಿಡಿದ ಬೆರಳಿನಿಂದ ಅವಳು ಸಿಪ್ಪೆ ಸರಿಸಿದಳು.

ಬಿಳಿ. ಆಗಷ್ಟೇ ತೊಳೆದ ಅಕ್ಕಿಯ ಬಿಳುಪು. ಕಣ್ಣು ಮಾತ್ರ ಕೆಂಪು.

"ಅಕ್ಕ, ಕೆಂಪು ಬಂತು," ಅಂದಳು ತುಳಜಾಬಾಯಿ. ಆಮೇಲೆ ಅಷ್ಟು ತಿಂಗಳಿನಿಂದ ತಡೆದದ್ದನ್ನೆಲ್ಲ ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಹತ್ತನೆಯದು ಕಂದು, ಹನ್ನೊಂದನೆಯದು ಮತ್ತೆ ಬಿಳಿ. ಗಾಡಿಯಿಂದ ಹಂಡೆಗಳು ಇಳಿಯುವ ಸದ್ದು ಕೇಳುವವರೆಗೂ ನಾನು ನೆಲದಿಂದ ಏಳಲಿಲ್ಲ.

ಎದ್ದ ಮೇಲೆ ಚೀಟಿ ಬರೆದೆ. ಎರಡು ಬಿಳಿಗೆ ತಂದೆ ಯಾರೆಂದು ಬರೆದೆ, ಅದರಲ್ಲಿ ಸಂಶಯವಿಲ್ಲ. ಕಂದು ಮರಿ ಎಂಟಕ್ಕೂ ತಂದೆಯ ಪೊರೆ ಅಂಟಿಸುವ ಜಾಗವನ್ನು ಖಾಲಿ ಬಿಟ್ಟು, 'ಇಬ್ಬರಲ್ಲಿ ಒಬ್ಬ, ಯಾರೆಂದು ಗೊತ್ತಿಲ್ಲ' ಎಂದು ಬರೆದೆ. ಇವನ್ನು ಯಾರು ಕೊಳ್ಳುತ್ತಾರೆ ಎಂದು ಆ ಬೀದಿಯ ಹಿರಿಯರೊಬ್ಬರು ಕೇಳಿದರು. ಯಾರೂ ಕೊಳ್ಳದಿದ್ದರೆ ಬೇಡ, ಖಾತ್ರಿ ಎಂದು ಮಾತ್ರ ಬರೆಯುವುದಿಲ್ಲ ಎಂದೆ. ತುಳಜಾಬಾಯಿ ಎಂಟರ ಕೆಳಗೂ ರುಜು ಹಾಕಿದಳು.

ಮನೆಗೆ ಬಂದಾಗ ಸಂಜೆಯಾಗಿತ್ತು. ಅಂಗಡಿಯ ಮುಂದೆ ನಮ್ಮ ಮಗಳ ಹಳೆಯ ಸ್ಲೇಟು ನೇತಾಡುತ್ತಿತ್ತು. ಯಜಮಾನರ ದಪ್ಪ ಅಕ್ಷರ: 'ನೀರು ಕಹಿ. ಬೆಲ್ಲ, ಶುಂಠಿ ಜಾಸ್ತಿ ಹಾಕಿದೆ. ಆದರೂ ಕಹಿ.' ಕೆಳಗೆ ಚೀಟಿಗೆ ಹಾಕುವಂತೆ ರುಜು ಬೇರೆ, ಗಿರಿಯಪ್ಪ ಎಂದು. ಬೆಂಚಿನ ಮೇಲೆ ಒಬ್ಬ ಗಿರಾಕಿ ಕುಳಿತಿದ್ದ. ಒಂದು ಗುಟುಕು ಕುಡಿದು ಮುಖ ಹಿಂಡಿ, ಸ್ಲೇಟನ್ನೊಮ್ಮೆ ನೋಡಿ, ಮತ್ತೊಂದು ಗುಟುಕು ಕುಡಿದ.

"ಬಿಳಿ ಹುಟ್ತಾ?" ಅಂದರು ಯಜಮಾನರು, ಒಲೆಯಿಂದ ತಲೆಯೆತ್ತದೆ.

"ಎರಡು," ಅಂದೆ.

ಅವರು ನನಗೊಂದು ಲೋಟ ಬಗ್ಗಿಸಿಕೊಟ್ಟರು. ಕಹಿಯೇ ಇತ್ತು. ಬೆಂಚಿನ ಮೇಲೆ ಆ ಗಿರಾಕಿಯ ಪಕ್ಕ ಕುಳಿತು ಪೂರ್ತಿ ಕುಡಿದೆ.